ವಾರ್ಡಿನಿಂದ ಲೋಕಸಭೆಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಬಿಜೆಪಿ ನಾಯಕರ ದಾರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಬಂತೆಂದರೆ ನಮ್ಮ ಕಡೆ ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಒಂದೇ ಥರದ ಪ್ರಶ್ನೆಗಳು ಏಳುತ್ತವೆ. ಇವರು ಮೊದಲು ಏನಾಗಿದ್ದರು? ಕಾರ್ಪೊರೇಟರ್ ಆಗಿದ್ದರಾ? ದೆಹಲಿಗೆ ಹೇಗೆ ಹೋದರು? ನಮ್ಮ ವಾರ್ಡಿನ ಹುಡುಗನೂ ಹೋಗಬಹುದಾ? ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಉಪಯೋಗ ಆದೀತು ಅಂತ ಈ ಪುಟ. ಜನಸಂಘದ ಕಾಲದಿಂದ ಬಿಜೆಪಿವರೆಗಿನ ಬಲಪಂಥದ ರಾಜಕಾರಣವೇ ಇಲ್ಲಿ ಮುಖ್ಯ ವಿಷಯ. ಹಾಗಂತ ಯಾರ ಪರ ಪ್ರಚಾರವೂ ಅಲ್ಲ, ವಿರೋಧವೂ ಅಲ್ಲ.

ಕಾರ್ಪೊರೇಟರ್ ಆದವರು ನಿಜವಾಗಿಯೂ ಸಂಸದರಾಗ್ತಾರಾ?

ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ದಾರಿ ಬಹಳ ಇಕ್ಕಟ್ಟು. ಎಷ್ಟು ಇಕ್ಕಟ್ಟು ಅಂತ ತಿಳಿಯಬೇಕಾದರೆ ಧಾರವಾಡ ಲೋಕಸಭಾ ಕ್ಷೇತ್ರದ ಲೆಕ್ಕ ನೋಡಿ. ಮೊದಲು ಇದರ ಹೆಸರು ಧಾರವಾಡ ಉತ್ತರ. 1952ರಿಂದ 2024ರವರೆಗೆ 18 ಸಾರ್ವತ್ರಿಕ ಚುನಾವಣೆ ನಡೆದಿವೆ. ಗೆದ್ದವರು ಬರೀ ಐದೇ ಜನ. ಡಿ.ಪಿ. ಕರಮರಕರ ಎರಡು ಸಲ, ಸರೋಜಿನಿ ಮಹಿಷಿ ನಾಲ್ಕು ಸಲ, ಡಿ.ಕೆ. ನಾಯ್ಕರ ನಾಲ್ಕು ಸಲ, ವಿಜಯ ಸಂಕೇಶ್ವರ ಮೂರು ಸಲ, ಪ್ರಲ್ಹಾದ ಜೋಶಿ ಐದು ಸಲ.

ಎಪ್ಪತ್ತು ವರ್ಷಕ್ಕೂ ಮಿಕ್ಕಿ ಐದೇ ಹೆಸರು. ಪಕ್ಷ ಯಾವುದೇ ಇರಲಿ, ಇಲ್ಲಿ ಒಮ್ಮೆ ಕೂತವರು ಬೇಗ ಏಳುವುದಿಲ್ಲ. ಹಾಗಾಗಿ ಕೆಳಗೆ ಕಾಯುವವರ ಸಾಲು ದೊಡ್ಡದು. ಕಾರ್ಪೊರೇಟರ್ ಶಾಸಕ ಆಗಬೇಕು ಅಂತ ಕಾಯುತ್ತಾನೆ, ಶಾಸಕ ಸಂಸದ ಆಗಬೇಕು ಅಂತ ಕಾಯುತ್ತಾನೆ. ಮೇಲಿನ ಕುರ್ಚಿ ಖಾಲಿ ಆಗದೆ ಯಾರೂ ಸರಿಯುವ ಹಾಗಿಲ್ಲ. ಮುಂದಿನ ಬಹುತೇಕ ಉತ್ತರಗಳು ಈ ಒಂದು ಸಂಗತಿಗೇ ಬಂದು ನಿಲ್ಲುತ್ತವೆ.

ಹಾಗಾದರೆ ಪಾಲಿಕೆಯಿಂದ ಶುರುವಾಗಿ ದೆಹಲಿ ಮುಟ್ಟಿದ ಕಥೆ ಒಂದಾದರೂ ಇದೆಯಾ?

ಒಬ್ಬ ಮನುಷ್ಯನದಲ್ಲ, ಒಂದು ಮನೆತನದ್ದು ಇದೆ. ಶೆಟ್ಟರ್ ಮನೆತನ.

ಜಗದೀಶ ಶೆಟ್ಟರ್ ಅವರ ತಂದೆ ಎಸ್.ಎಸ್. ಶೆಟ್ಟರ್ ಜನಸಂಘದವರು. ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಐದು ಸಲ ಆರಿಸಿ ಬಂದರು, ಮೇಯರ್ ಕೂಡ ಆದರು. ಚಿಕ್ಕಪ್ಪ ಸದಾಶಿವ ಶೆಟ್ಟರ್ 1967ರಲ್ಲಿ ಹುಬ್ಬಳ್ಳಿ ಶಹರದಿಂದ ಜನಸಂಘದ ಶಾಸಕರಾದರು. ಆಗ ಕರ್ನಾಟಕದಲ್ಲಿ ಜನಸಂಘ ಅಂದರೆ ಬೆರಳೆಣಿಕೆಯ ಜನ. ದಕ್ಷಿಣದಲ್ಲಿ ದೀಪದ ಗುರುತಿಗೆ ಓಟು ಬೀಳುತ್ತದೆ ಅಂದರೆ ನಗುತ್ತಿದ್ದ ಕಾಲ ಅದು.

ಜಗದೀಶ ಶೆಟ್ಟರ್ ತಾವೇ ಪಾಲಿಕೆಗೆ ನಿಲ್ಲಲಿಲ್ಲ. ವಕೀಲಿ ಮಾಡಿಕೊಂಡಿದ್ದರು. 1990ರಲ್ಲಿ ಹುಬ್ಬಳ್ಳಿ ಗ್ರಾಮೀಣ ಘಟಕದ ಬಿಜೆಪಿ ಅಧ್ಯಕ್ಷರಾದರು. 1994ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದರು. ಸೋತವರು ಯಾರು ಗೊತ್ತಾ? ಜನತಾದಳದ ಬಸವರಾಜ ಬೊಮ್ಮಾಯಿ. ಮಾಜಿ ಮುಖ್ಯಮಂತ್ರಿಯ ಮಗ, ಅದೂ ಅಪ್ಪನ ಹಳೇ ಕ್ಷೇತ್ರದಲ್ಲಿ. ಆ ವರ್ಷ ರಾಜ್ಯದಲ್ಲಿ ಬಿಜೆಪಿ 4 ಸ್ಥಾನದಿಂದ 40ಕ್ಕೆ ಏರಿತು. ಅದರಲ್ಲಿ ಇದೂ ಒಂದು.

ಆಮೇಲೆ ಶೆಟ್ಟರ್ ವಿರೋಧ ಪಕ್ಷದ ನಾಯಕರಾದರು, ಸ್ಪೀಕರ್ ಆದರು, ಮಂತ್ರಿಯಾದರು, 2012ರ ಜುಲೈನಲ್ಲಿ ಮುಖ್ಯಮಂತ್ರಿಯಾದರು. ಸತತ ಆರು ಸಲ ಶಾಸಕ. ಆದರೂ ಲೋಕಸಭೆಗೆ ಹೋಗಿದ್ದು 2024ರಲ್ಲಿ, ಅದೂ ಬೆಳಗಾವಿಯಿಂದ. ಚಿಕ್ಕಪ್ಪ ವಿಧಾನಸಭೆಗೆ ಹೋಗಿ 57 ವರ್ಷ ಆದಮೇಲೆ ಆ ಮನೆಗೆ ಲೋಕಸಭೆ ಸಿಕ್ಕಿತು.

ಬೊಮ್ಮಾಯಿ ಅವರ ದಾರಿ ಇದಕ್ಕಿಂತ ಬೇರೆಯಾ?

ಪೂರ್ತಿ ಬೇರೆ. ಅವರು ಸಂಘದ (ಆರೆಸ್ಸೆಸ್) ಶಾಖೆಯಿಂದ ಬಂದವರಲ್ಲ, ಜನತಾ ಪರಿವಾರದವರು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ತಂದೆ ಎಸ್.ಆರ್. ಬೊಮ್ಮಾಯಿ 1988-89ರಲ್ಲಿ ಮುಖ್ಯಮಂತ್ರಿ. ರಾಷ್ಟ್ರಪತಿ ಆಳ್ವಿಕೆ ಕುರಿತ 1994ರ ಸುಪ್ರೀಂ ಕೋರ್ಟ್ ತೀರ್ಪಿಗೆ ಇವರದೇ ಹೆಸರಿದೆ.

ಇಲ್ಲಿ ಸ್ಥಳೀಯ ಸಂಸ್ಥೆಗಳ ಸಂಬಂಧ ಸ್ವಾರಸ್ಯವಾಗಿದೆ. 1994ರಲ್ಲಿ ಸೋತ ಬಸವರಾಜ ಬೊಮ್ಮಾಯಿ ವಿಧಾನ ಪರಿಷತ್ತಿಗೆ ಹೋದರು. ಯಾವ ಕ್ಷೇತ್ರದಿಂದ? ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ, ಅದೂ ಎರಡು ಸಲ. ಅಲ್ಲಿ ಸಾಮಾನ್ಯ ಜನ ಓಟು ಹಾಕುವುದಿಲ್ಲ. ಗ್ರಾಮ ಪಂಚಾಯಿತಿ ಸದಸ್ಯರು, ಪುರಸಭೆ, ನಗರಸಭೆ, ಪಾಲಿಕೆಯ ಸದಸ್ಯರು ಹಾಕುತ್ತಾರೆ. ಅಂದರೆ ಅವರು ಪಂಚಾಯಿತಿಯಲ್ಲಿ ಕೂತವರಲ್ಲ, ಆದರೆ ಪಂಚಾಯಿತಿಯಲ್ಲಿ ಕೂತವರ ಪ್ರತಿನಿಧಿಯಾಗಿದ್ದರು. ಮೂರು ಜಿಲ್ಲೆಗಳ ಊರೂರಲ್ಲಿ ಯಾರು ಮೆಂಬರು, ಯಾರು ಮಾಜಿ ಮೆಂಬರು, ಯಾರಿಗೆ ಯಾರು ಆಗಿಬರುವುದಿಲ್ಲ ಅನ್ನುವುದು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

2008ರ ಫೆಬ್ರುವರಿಯಲ್ಲಿ ಬಿಜೆಪಿ ಸೇರಿದರು. ಅದೇ ವರ್ಷ ಶಿಗ್ಗಾಂವಿಯಿಂದ ಗೆದ್ದರು. ನಾಲ್ಕು ಸಲ ಅಲ್ಲಿಂದಲೇ. 2021ರ ಜುಲೈನಿಂದ 2023ರ ಮೇವರೆಗೆ ಮುಖ್ಯಮಂತ್ರಿ. 2024ರಲ್ಲಿ ಹಾವೇರಿ ಸಂಸದ.

1994ರಲ್ಲಿ ಒಬ್ಬರ ಮೇಲೊಬ್ಬರು ನಿಂತ ಇಬ್ಬರೂ ಒಂದೇ ಪಕ್ಷದಿಂದ ಮುಖ್ಯಮಂತ್ರಿಯಾಗಿ, 30 ವರ್ಷದ ಮೇಲೆ ಒಂದೇ ಸಲ ಲೋಕಸಭೆಗೆ ಹೋದರು. ಅಲ್ಲಿಯ ತನಕ ಇಬ್ಬರೂ ರಾಜ್ಯ ರಾಜಕಾರಣದಲ್ಲೇ ಇದ್ದರು.

ಜೋಶಿಯವರು ಯಾವ ಮೆಟ್ಟಿಲು ಹತ್ತಿದರು?

ಚುನಾವಣೆಯ ಮೆಟ್ಟಿಲೇ ಹತ್ತಲಿಲ್ಲ ಅನ್ನಬಹುದು. ಕಾರ್ಪೊರೇಟರ್ ಅಲ್ಲ, ಶಾಸಕ ಅಲ್ಲ, ಪರಿಷತ್ ಸದಸ್ಯನೂ ಅಲ್ಲ. ಸಂಘ, ಪಕ್ಷದ ಜಿಲ್ಲಾ ಘಟಕ, ಚಳವಳಿ – ಇದೇ ಅವರ ದಾರಿ. ವಿಜಯ ಸಂಕೇಶ್ವರ ಬಿಜೆಪಿ ಬಿಟ್ಟು ‘ಕನ್ನಡ ನಾಡು’ ಪಕ್ಷ ಕಟ್ಟಿದಾಗ 2004ರಲ್ಲಿ ಧಾರವಾಡ ಉತ್ತರದ ಟಿಕೆಟ್ ಖಾಲಿಯಾಯಿತು. ಜೋಶಿಗೆ ಸಿಕ್ಕಿತು. ಗೆದ್ದರು, ಆಮೇಲೆ ಬಿಡಲಿಲ್ಲ. 2019ರಲ್ಲಿ ಸಂಸದೀಯ ವ್ಯವಹಾರ, ಕಲ್ಲಿದ್ದಲು ಮತ್ತು ಗಣಿ ಸಚಿವ. 2024ರಿಂದ ಆಹಾರ, ಗ್ರಾಹಕ ವ್ಯವಹಾರ ಮತ್ತು ನವೀಕರಿಸಬಹುದಾದ ಇಂಧನ ಖಾತೆ.

ಕುರ್ಚಿ ಖಾಲಿ ಆದ ಹೊತ್ತಿಗೆ ಯಾರು ತಯಾರಾಗಿ ನಿಂತಿರುತ್ತಾರೋ ಅವರದು. ಜೋಶಿ ಆಗ ತಯಾರಿದ್ದರು.

ಈದ್ಗಾ ಮೈದಾನದ ವಿಷಯ ಇದಕ್ಕೆಲ್ಲ ಎಷ್ಟು ಕಾರಣ?

ದೊಡ್ಡ ಕಾರಣ. ಆ ಜಗಳದ ಬೇರು ಇರುವುದೂ ಸ್ಥಳೀಯ ಆಡಳಿತದಲ್ಲೇ. ಹುಬ್ಬಳ್ಳಿ ನಡುವಿನ ಆ ಜಾಗವನ್ನು 1921ರಲ್ಲಿ ಆಗಿನ ಪುರಸಭೆ ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ 999 ವರ್ಷದ ಲೀಸಿಗೆ ಕೊಟ್ಟಿತ್ತು. ಜಾಗ ಯಾರದು, ಅಲ್ಲಿ ಕಟ್ಟಡ ಕಟ್ಟಬಹುದಾ ಅನ್ನುವುದು ಮೊದಲು ಕೋರ್ಟಿನ ತಕರಾರು. 1990ರ ದಶಕದ ಶುರುವಿಗೆ ಅದು ಅಲ್ಲಿ ರಾಷ್ಟ್ರಧ್ವಜ ಹಾರಿಸುವ ಚಳವಳಿಯಾಯಿತು. ಬಿಜೆಪಿ ಮುಂದೆ ನಿಂತಿತು, ಜೋಶಿಯವರ ಹೆಸರು ಜನರ ಬಾಯಿಗೆ ಬಂದಿದ್ದೇ ಆಗ. 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜನ ಸತ್ತರು. ಆ ವರ್ಷದ ಕರ್ಫ್ಯೂ ನೆನಪಿರುವವರು ಹಳೇ ಹುಬ್ಬಳ್ಳಿಯಲ್ಲಿ ಈಗಲೂ ಬೇಕಾದಷ್ಟು ಜನ ಇದ್ದಾರೆ. 1995ರಲ್ಲಿ ಅಂಜುಮನ್ ಸಂಸ್ಥೆಯೇ ಅಲ್ಲಿ ಧ್ವಜ ಹಾರಿಸಿದ ಮೇಲೆ ಬಿಸಿ ಇಳಿಯಿತು. 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಜಾಗ ಪಾಲಿಕೆಯದು ಅಂತ ಆಯಿತು.

ಅದೇ ಗಲಾಟೆಯ ಹಳೇ ಕೇಸಿನಲ್ಲಿ ಹುಬ್ಬಳ್ಳಿ ಕೋರ್ಟಿನ ವಾರಂಟ್ ಬಂದು 2004ರಲ್ಲಿ ಉಮಾ ಭಾರತಿ ಮಧ್ಯಪ್ರದೇಶದ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2022ರಲ್ಲಿ ಪಾಲಿಕೆ ಅಲ್ಲಿ ಗಣೇಶ ಕೂರಿಸಲು ಒಪ್ಪಿಗೆ ಕೊಟ್ಟಿತು. ಹೈಕೋರ್ಟಿನ ಧಾರವಾಡ ಪೀಠ ರಾತ್ರಿ ಹೊತ್ತಲ್ಲಿ ವಿಚಾರಣೆ ನಡೆಸಿ ಅದಕ್ಕೆ ಅಡ್ಡಿ ಮಾಡಲಿಲ್ಲ.

ಆದರೆ ಒಂದು ಮಾತು. ಬರೀ ಈದ್ಗಾದಿಂದಲೇ ಬಿಜೆಪಿ ಬೆಳೆಯಿತು ಅನ್ನುವವರು 1967ನ್ನು ಮರೆಯುತ್ತಾರೆ. ಹುಬ್ಬಳ್ಳಿಯ ವ್ಯಾಪಾರಿ ಓಣಿಗಳಲ್ಲಿ, ವಕೀಲರ ನಡುವೆ ಜನಸಂಘಕ್ಕೆ ಅದಕ್ಕಿಂತ ಬಹಳ ಮೊದಲೇ ನೆಲೆ ಇತ್ತು. ಚಳವಳಿ ಆ ನೆಲೆಯನ್ನು ಇಡೀ ಜಿಲ್ಲೆಗೆ ಹಬ್ಬಿಸಿತು.

ಶಿಗ್ಗಾಂವಿ ಹಾವೇರಿ ಜಿಲ್ಲೆ. ಬೊಮ್ಮಾಯಿ ಹಾವೇರಿ ಸಂಸದ. ಆದರೆ ಶಿಗ್ಗಾಂವಿಯವರ ಸಂಸದ ಜೋಶಿ. ಇದೇನಿದು ಗೊಂದಲ?

ಎಲ್ಲರೂ ಎಡವುವ ಜಾಗ ಇದು. ಜಿಲ್ಲೆಯ ಗಡಿ ಬೇರೆ, ಲೋಕಸಭಾ ಕ್ಷೇತ್ರದ ಗಡಿ ಬೇರೆ. 1997ರಲ್ಲಿ ಹಳೇ ಧಾರವಾಡ ಜಿಲ್ಲೆ ಒಡೆದು ಧಾರವಾಡ, ಗದಗ, ಹಾವೇರಿ ಆದವು. 2008ರ ಮರುವಿಂಗಡಣೆಯಲ್ಲಿ ಧಾರವಾಡ ಉತ್ತರ ಹೋಗಿ ‘ಧಾರವಾಡ’ ಆಯಿತು, ಧಾರವಾಡ ದಕ್ಷಿಣ ಹೋಗಿ ‘ಹಾವೇರಿ’ ಆಯಿತು.

ಧಾರವಾಡ ಕ್ಷೇತ್ರದಲ್ಲಿ ನವಲಗುಂದ, ಕುಂದಗೋಳ, ಧಾರವಾಡ, ಕಲಘಟಗಿ, ಹುಬ್ಬಳ್ಳಿ-ಧಾರವಾಡದ ಪೂರ್ವ, ಸೆಂಟ್ರಲ್, ಪಶ್ಚಿಮ ಇವೆ. ಜೊತೆಗೆ ಹಾವೇರಿ ಜಿಲ್ಲೆಯ ಶಿಗ್ಗಾಂವಿ. ಹಾವೇರಿ ಕ್ಷೇತ್ರದಲ್ಲಿ ಹಾನಗಲ್ಲ, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು. ಅದರ ಮೇಲೆ ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ. ನರಗುಂದ ಮಾತ್ರ ಬಾಗಲಕೋಟೆಗೆ ಸೇರಿತು. ಗದಗ ಜಿಲ್ಲೆಗೆ ಅಂತ ತನ್ನದೇ ಲೋಕಸಭಾ ಕ್ಷೇತ್ರ ಇಲ್ಲ. ಗದಗಿನವರಿಗೆ ಇದರ ಬಗ್ಗೆ ಬೇಸರ ಇದ್ದೇ ಇದೆ. ಅದು ಸುಮ್ನೆ ಗೊಣಗಾಟ ಅಲ್ಲ. ಟಿಕೆಟ್ ಹಂಚುವಾಗ ಹಾವೇರಿ ಕಡೆಯ ಹೆಸರೇ ಮೊದಲು ಬರುತ್ತದೆ.

ಹುಬ್ಬಳ್ಳಿಯವರು ಬೆಳಗಾವಿಯಲ್ಲಿ ಹೇಗೆ ನಿಂತರು?

ದೇಶದ ಯಾವುದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಲೋಕಸಭೆಗೆ ಬಹುತೇಕ ಎಲ್ಲಿಂದ ಬೇಕಾದರೂ ನಿಲ್ಲಬಹುದು. ವಿಧಾನಸಭೆಗೆ ಅದೇ ರಾಜ್ಯದ ಮತದಾರ ಆಗಿರಬೇಕು. ಮೇಲೆ ಹೋದ ಹಾಗೆ ಊರಿನ ಕಟ್ಟು ಸಡಿಲ.

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಅಲ್ಲಿ ಗೆದ್ದರೆ ಪಕ್ಷಕ್ಕೆ ಏನು ಲೆಕ್ಕ?

ಚಿಹ್ನೆ ಇಲ್ಲ ಅಷ್ಟೇ. ಯಾರು ಯಾವ ಕಡೆ ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ? ಮತ ಎಣಿಕೆಯ ಮರುದಿನವೇ ‘ನಮ್ಮ ಬೆಂಬಲಿಗರು ಇಷ್ಟು ಗೆದ್ದರು’ ಅಂತ ಎಲ್ಲಾ ಪಕ್ಷಗಳೂ ಲೆಕ್ಕ ಬಿಡುತ್ತವೆ. ಎಲ್ಲರ ಲೆಕ್ಕ ಕೂಡಿಸಿದರೆ ಇರುವ ಸೀಟಿಗಿಂತ ಜಾಸ್ತಿ ಆಗುತ್ತದೆ, ಅದು ಬೇರೆ ಮಾತು.

ನಿಜವಾದ ಲೆಕ್ಕ ಇರುವುದು ಬೂತಿನಲ್ಲಿ. ಪಂಚಾಯಿತಿ ಮೆಂಬರಿಗೆ ತನ್ನ ವಾರ್ಡಿನ ಮನೆ ಮನೆಯೂ ಗೊತ್ತು. ಯಾರ ಮಗ ಪುಣೆಯಲ್ಲಿದ್ದಾನೆ, ಓಟಿಗೆ ಬರುತ್ತಾನೋ ಇಲ್ಲವೋ, ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ ಅನ್ನುವುದು ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಲೋಕಸಭೆಯ ಅಭ್ಯರ್ಥಿಗೆ ಸುಮಾರು 18 ಲಕ್ಷ ಮತದಾರರು. ಅವರು ಒಬ್ಬೊಬ್ಬರ ಮನೆಗೆ ಹೋಗಲಾರರು. ಮೆಂಬರು ಹೋಗುತ್ತಾನೆ.

ಪಂಚಾಯಿತಿ, ಪಾಲಿಕೆ ಬಿಟ್ಟು ಬೇರೆ ಮೊದಲ ಮೆಟ್ಟಿಲು ಇದೆಯಾ?

ಸಹಕಾರಿ ಸೊಸೈಟಿ ಮತ್ತು ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆ ಸಮಿತಿ. ಹಳ್ಳಿ ಕಡೆ ಇವೇ ಹೆಚ್ಚು ಗಟ್ಟಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಅಂದಿನಿಂದ ಈ ಭಾಗದಲ್ಲಿ ಸಾಲ ಕೊಡುವ ಸಂಘದ ಚೇರ್ಮನ್ ಅಂದರೆ ಊರಿನ ದೊಡ್ಡ ಮನುಷ್ಯ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇರುವ ಕಡೆ ಎಪಿಎಂಸಿ ರಾಜಕಾರಣದ ತೂಕ ಎಷ್ಟಿರಬೇಕು ನೀವೇ ಯೋಚಿಸಿ. ಸಹಕಾರ ಕ್ಷೇತ್ರದಲ್ಲಿ ಬಹಳ ಕಾಲ ಕಾಂಗ್ರೆಸ್ಸಿನದೇ ಹಿಡಿತ. ಗದಗದಲ್ಲಿ ಕೆ.ಎಚ್. ಪಾಟೀಲರ ಹೆಸರು ಹೇಳದೆ ಸಹಕಾರದ ಮಾತು ಮುಗಿಯುವುದಿಲ್ಲ. ಬಿಜೆಪಿ ಅಲ್ಲಿ ಒಳಗೆ ಬಂದಿದ್ದು ನಿಧಾನವಾಗಿ.

ಜಿಲ್ಲಾ ಪಂಚಾಯಿತಿ?

ಒಂದು ಕಾಲಕ್ಕೆ ಶಾಸಕರಾಗುವವರ ತರಬೇತಿ ಅಲ್ಲೇ ಆಗುತ್ತಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹುಬ್ಬಳ್ಳಿ-ಧಾರವಾಡ ಪಾಲಿಕೆಯದೂ ಅದೇ ಗತಿ ಆಗಿತ್ತು. 2019ರ ಮಾರ್ಚಿನಲ್ಲಿ ಅವಧಿ ಮುಗಿಯಿತು, ಚುನಾವಣೆ ಆಗಿದ್ದು 2021ರ ಸೆಪ್ಟೆಂಬರಿನಲ್ಲಿ, ಮೇಯರ್ ಬಂದಿದ್ದು 2022ರ ಮೇನಲ್ಲಿ. ಮೂರು ವರ್ಷಕ್ಕೂ ಮಿಕ್ಕಿ ಊರಿಗೆ ಮೇಯರೇ ಇಲ್ಲ. ಕೆಳಗಿನ ಚುನಾವಣೆ ಮುಂದೂಡುವುದರಲ್ಲಿ ಎಲ್ಲಾ ಪಕ್ಷದ ಸರ್ಕಾರಗಳೂ ಒಂದೇ. ಶಾಸಕರಿಗೆ ಇದು ಆರಾಮ, ಯಾಕೆಂದರೆ ಪೈಪೋಟಿಗೆ ಹೊಸ ಮುಖ ತಯಾರಾಗುವುದಿಲ್ಲ. ಯಾರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಮೇಯರ್ ಅಂದರೆ ದೊಡ್ಡ ಹುದ್ದೆ ಅಲ್ವಾ? ಅಲ್ಲಿಂದ ಸೀದಾ ಟಿಕೆಟ್ ಸಿಗಲ್ವಾ?

ಹೆಸರು ದೊಡ್ಡದು, ಅವಧಿ ಒಂದೇ ವರ್ಷ. ಅದೂ ಮೀಸಲಾತಿ ಪ್ರಕಾರ ಪ್ರತಿ ವರ್ಷ ಬದಲಾಗುತ್ತದೆ. ಗೌನು ಹಾಕಿಕೊಂಡು, ಸನ್ಮಾನ ಮುಗಿಸಿ, ಫೈಲು ಎಲ್ಲೆಲ್ಲಿ ನಿಂತಿವೆ ಅಂತ ತಿಳಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಅಧಿಕಾರ ಹೆಚ್ಚಾಗಿ ಕಮಿಷನರ್ ಕೈಯಲ್ಲಿ.

2021ರ ಹುಬ್ಬಳ್ಳಿ-ಧಾರವಾಡ ಪಾಲಿಕೆ ಚುನಾವಣೆಗೆ ವಾರ್ಡುಗಳು 67ರಿಂದ 82 ಆಗಿದ್ದವು. ಬಿಜೆಪಿಗೆ 39, ಕಾಂಗ್ರೆಸ್ಸಿಗೆ 33. ಉಳಿದವು ಎಐಎಂಐಎಂ, ಜೆಡಿಎಸ್, ಪಕ್ಷೇತರರಿಗೆ. 39 ಅಂದರೆ ಅರ್ಧವೂ ಇಲ್ಲ. ಆದರೂ ಬಿಜೆಪಿಯವರೇ ಮೇಯರ್ ಆದರು. ಊರಿನ ಶಾಸಕರು, ಸಂಸದರು, ಪರಿಷತ್ ಸದಸ್ಯರಿಗೂ ಮೇಯರ್ ಚುನಾವಣೆಯಲ್ಲಿ ಓಟು ಇದೆ. ಆ ದಿನ ಸಭಾಂಗಣದಲ್ಲಿ ಕೇಂದ್ರ ಸಚಿವರೂ ಮೊನ್ನೆ ಮೊನ್ನೆ ಗೆದ್ದ ಕಾರ್ಪೊರೇಟರೂ ಒಂದೇ ಸಾಲಿನಲ್ಲಿ ಕೂತು ಕೈ ಎತ್ತಬೇಕು. ಇಬ್ಬರ ಕೈಗೂ ಬೆಲೆ ಒಂದೇ. ಅಧಿಕಾರಿಗಳು ಸಾಲು ಸಾಲಾಗಿ ಎಣಿಸಿಕೊಂಡು ಬರುವಾಗ ಯಾರ ಕೈ ತಡವಾಗಿ ಮೇಲೆದ್ದಿತು ಅನ್ನುವುದನ್ನು ಹಿಂದೆ ಕೂತ ಪಕ್ಷದವರು ಗುರುತು ಇಟ್ಟುಕೊಳ್ಳುತ್ತಾರೆ. ಮುಂದಿನ ಟಿಕೆಟ್ ಮಾತು ಬಂದಾಗ ಅದು ನೆನಪಾಗುತ್ತದೆ.

ಟಿಕೆಟ್ ಕೊಡೋರು ಯಾರು?

ಪಾಲಿಕೆಗೆ ಜಿಲ್ಲೆಯ ನಾಯಕರು ಮತ್ತು ಶಾಸಕರ ಮಾತು ನಡೆಯುತ್ತದೆ. ವಿಧಾನಸಭೆ, ಲೋಕಸಭೆಗೆ ದೆಹಲಿಯ ಕೇಂದ್ರ ಚುನಾವಣಾ ಸಮಿತಿ. ಸಮೀಕ್ಷೆ, ಜಿಲ್ಲಾ ಘಟಕದ ಪಟ್ಟಿ, ರಾಜ್ಯದ ಪಟ್ಟಿ ಎಲ್ಲಾ ಆಗಿ ಕೊನೆಗೆ ಒಂದು ಹೆಸರು ಬರುತ್ತದೆ. ಪಕ್ಷದ ಅಭ್ಯರ್ಥಿ ಅಂತ ಕೊಡುವ ಬಿ ಫಾರಂ ಕೈಗೆ ಬರುವ ತನಕ ಯಾರೂ ಅಭ್ಯರ್ಥಿ ಅಲ್ಲ. ಬ್ಯಾನರ್ ಹಾಕಿಸಿದವರೂ ಅಲ್ಲ.

ಮಾಜಿ ಮುಖ್ಯಮಂತ್ರಿಗೂ ಈ ಮಾತು ಹೊರತಲ್ಲ ಅನ್ನುವುದಕ್ಕೆ 2023ರ ಏಪ್ರಿಲ್ ಸಾಕ್ಷಿ.

ಶೆಟ್ಟರ್ ಪಕ್ಷ ಬಿಟ್ಟು ಹೋಗಿ ಮತ್ತೆ ಬಂದರಲ್ಲ, ಅದರಿಂದ ನಷ್ಟ ಆಗಲಿಲ್ವಾ?

ಟಿಕೆಟ್ ಇಲ್ಲ ಅಂದಾಗ ಕಾಂಗ್ರೆಸ್ ಸೇರಿದರು. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಬಿಜೆಪಿಯ ಮಹೇಶ ಟೆಂಗಿನಕಾಯಿ ಎದುರು 34 ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋತರು. ಆರು ಸಲ ಗೆಲ್ಲಿಸಿದ ಊರೇ ಸೋಲಿಸಿತು. ಕಾಂಗ್ರೆಸ್ ಪರಿಷತ್ತಿಗೆ ಕಳಿಸಿತು. 2024ರ ಜನವರಿಯಲ್ಲಿ ವಾಪಸ್ ಬಿಜೆಪಿಗೆ ಬಂದರು, ಜೂನ್ ಹೊತ್ತಿಗೆ ಬೆಳಗಾವಿ ಸಂಸದರಾಗಿದ್ದರು.

ನಷ್ಟ ಆಯಿತಾ ಅಂದರೆ, ವಿಧಾನಸಭೆ ಟಿಕೆಟ್ ಸಿಕ್ಕಿದ್ದರೆ ಅವರು ಹುಬ್ಬಳ್ಳಿ ಶಾಸಕರಾಗಿಯೇ ಉಳಿದಿರುತ್ತಿದ್ದರು ಅಂತ ನನಗೆ ಅನಿಸುತ್ತದೆ. ಸೆಂಟ್ರಲ್‌ನಲ್ಲಿ ಮತ ಪಕ್ಷದ್ದಾ, ಮನುಷ್ಯನದ್ದಾ ಅನ್ನುವ ಹಳೇ ವಾದ ಮಾತ್ರ ಆ ಚುನಾವಣೆಯಲ್ಲಿ ತೀರ್ಮಾನ ಆಯಿತು.

ಶಾಸಕರೂ ಸಂಸದರೂ ಒಟ್ಟಿಗೇ ಆಗಿರಬಹುದಾ?

ಇಲ್ಲ. ಶಾಸಕ ಲೋಕಸಭೆಗೆ ಗೆದ್ದರೆ 14 ದಿನದ ಒಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಲೋಕಸಭೆ ಸ್ಥಾನವೇ ಹೋಗುತ್ತದೆ. ಬೊಮ್ಮಾಯಿ ಶಿಗ್ಗಾಂವಿ ಬಿಟ್ಟಿದ್ದು ಹಾಗೆ.

ಅಪ್ಪ ನಾಯಕ ಆಗಿದ್ದರೆ ಮಗನಿಗೆ ಸುಲಭ ಅಲ್ವಾ?

ಟಿಕೆಟ್ ಸುಲಭ. ಗೆಲುವು ಹಾಗಲ್ಲ. ಬೊಮ್ಮಾಯಿ ಬಿಟ್ಟ ಶಿಗ್ಗಾಂವಿಯಲ್ಲಿ 2024ರ ನವೆಂಬರಿನ ಉಪಚುನಾವಣೆಗೆ ಮಗ ಭರತ್ ನಿಂತರು. ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಆ ಕಡೆ ಹಾನಗಲ್ಲಿನ ಸಿ.ಎಂ. ಉದಾಸಿಯವರ ಮಗ ಶಿವಕುಮಾರ ಉದಾಸಿ 2009ರಿಂದ ಮೂರು ಸಲ ಹಾವೇರಿ ಸಂಸದರಾದರು, 2024ರಲ್ಲಿ ತಾವಾಗಿಯೇ ನಿಲ್ಲಲಿಲ್ಲ. ಬೊಮ್ಮಾಯಿಗೆ ದಾರಿಯಾಗಿದ್ದು ಆ ಖಾಲಿ ಜಾಗ. ಜಗದೀಶ ಶೆಟ್ಟರ್ ಅವರ ತಮ್ಮ ಪ್ರದೀಪ ಶೆಟ್ಟರ್ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ಹೋದವರು. ಕುಟುಂಬ ರಾಜಕಾರಣ ಕಾಂಗ್ರೆಸ್ಸಿನದು ಮಾತ್ರ ಅಂತ ಭಾಷಣದಲ್ಲಿ ಕೇಳಿದಾಗ ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಮನೆತನ ಇಲ್ಲದೆ ಬಂದವರೂ ಇದ್ದಾರೆ. ಗದಗಿನ ವಿಜಯ ಸಂಕೇಶ್ವರ 1976ರಲ್ಲಿ ಒಂದು ಲಾರಿಯಿಂದ ಶುರು ಮಾಡಿದವರು. ಸಾರಿಗೆ ವ್ಯಾಪಾರ ಬೆಳೆದ ಮೇಲೆ ಹುಬ್ಬಳ್ಳಿಯಿಂದ ಲೋಕಸಭೆಗೆ ಹೋದರು. 1996ರ ಅವರ ಗೆಲುವಿನಿಂದ ಇಂದಿನವರೆಗೆ ಆ ಕ್ಷೇತ್ರ ಬಿಜೆಪಿ ಕೈಬಿಟ್ಟಿಲ್ಲ.

ಜಾತಿ, ಮಠ ಎಷ್ಟು ಲೆಕ್ಕಕ್ಕೆ ಬರುತ್ತವೆ?

ಬಹಳ. ಲಿಂಗಾಯತ ಮತ ಹೆಚ್ಚಿರುವ ಭಾಗ ಇದು. ಶೆಟ್ಟರ್, ಬೊಮ್ಮಾಯಿ, ಉದಾಸಿ ಎಲ್ಲರೂ ಲಿಂಗಾಯತರು. ಆದರೂ ಬ್ರಾಹ್ಮಣರಾದ ಜೋಶಿ ಐದು ಸಲ ಗೆದ್ದಿದ್ದಾರೆ. 2024ರಲ್ಲಿ ಶಿರಹಟ್ಟಿ ಫಕೀರೇಶ್ವರ ಮಠದ ದಿಂಗಾಲೇಶ್ವರ ಸ್ವಾಮೀಜಿ ಜೋಶಿ ವಿರುದ್ಧ ಪಕ್ಷೇತರರಾಗಿ ನಾಮಪತ್ರ ಹಾಕಿ ಆಮೇಲೆ ವಾಪಸ್ ಪಡೆದರು. ಜೋಶಿ ಗೆದ್ದರು, ಅಂತರ ಮಾತ್ರ 97 ಸಾವಿರಕ್ಕೆ ಇಳಿಯಿತು.

ಜಾತಿ ಲೆಕ್ಕ ಯಾವತ್ತೂ ಒಂದೇ ಥರ ಇರಲಿಲ್ಲ ಅನ್ನುವುದಕ್ಕೆ ಹಳೇ ಧಾರವಾಡ ದಕ್ಷಿಣ ನೋಡಿ. ಎಫ್.ಎಚ್. ಮೊಹ್ಸಿನ್, ಐ.ಜಿ. ಸನದಿಯಂಥ ಕಾಂಗ್ರೆಸ್ಸಿನ ಮುಸ್ಲಿಂ ಅಭ್ಯರ್ಥಿಗಳು ಅಲ್ಲಿ ಗೆಲ್ಲುತ್ತಿದ್ದರು. 2004ರಲ್ಲಿ ಮಂಜುನಾಥ ಕುನ್ನೂರ ಬಿಜೆಪಿಯಿಂದ ಗೆದ್ದ ಮೇಲೆ ಕಾಂಗ್ರೆಸ್ಸಿಗೆ ಆ ಸೀಟು ವಾಪಸ್ ಸಿಕ್ಕಿಲ್ಲ.

ಮಹಿಳೆಯರಿಗೆ ಈ ದಾರಿ ತೆರೆದಿದೆಯಾ?

ಕೆಳಗೆ ಅರ್ಧ ಸೀಟು ಮೀಸಲು, ಹಾಗಾಗಿ ಪಂಚಾಯಿತಿ, ಪಾಲಿಕೆಯಲ್ಲಿ ಬೇಕಾದಷ್ಟು ಹೆಣ್ಣುಮಕ್ಕಳು ಇದ್ದಾರೆ. ಮೇಲೆ ಹೋದ ಹಾಗೆ ಯಾರೂ ಕಾಣುವುದಿಲ್ಲ. ಧಾರವಾಡಕ್ಕೆ ಸರೋಜಿನಿ ಮಹಿಷಿ ಒಬ್ಬರೇ, ಅವರು ಕಾಂಗ್ರೆಸ್ಸಿನಿಂದ ಗೆದ್ದಿದ್ದು 1962ರಿಂದ 1977ರವರೆಗಿನ ಚುನಾವಣೆಗಳಲ್ಲಿ. ಆಮೇಲೆ ಯಾರೂ ಇಲ್ಲ. ಹಾವೇರಿ ಕಡೆ ಒಬ್ಬರೂ ಇಲ್ಲ. ಬಿಜೆಪಿ ಎರಡೂ ಕಡೆ ವರ್ಷಗಟ್ಟಲೆ ಗೆಲ್ಲುತ್ತಿದೆ, ಸೋಲಿನ ಭಯ ಕಡಿಮೆ. ಆದರೂ ಒಬ್ಬ ಹೆಣ್ಣುಮಗಳಿಗೆ ಟಿಕೆಟ್ ಕೊಟ್ಟು ಗೆಲ್ಲಿಸಿಲ್ಲ. ಇದಕ್ಕೆ ಸಮರ್ಥನೆ ಏನೂ ಇಲ್ಲ.

ನಿಲ್ಲೋಕೆ ವಯಸ್ಸು, ಠೇವಣಿ ಎಷ್ಟು?

ಪಂಚಾಯಿತಿ, ಪಾಲಿಕೆಗೆ 21 ವರ್ಷ. ವಿಧಾನಸಭೆ, ಲೋಕಸಭೆಗೆ 25. ವಿಧಾನ ಪರಿಷತ್ತು, ರಾಜ್ಯಸಭೆಗೆ 30. ಠೇವಣಿ ವಿಧಾನಸಭೆಗೆ 10 ಸಾವಿರ, ಲೋಕಸಭೆಗೆ 25 ಸಾವಿರ ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೀಳದಿದ್ದರೆ ಠೇವಣಿ ಹೋಯಿತು. ಲೋಕಸಭೆ ಅಭ್ಯರ್ಥಿ ಕಾನೂನು ಪ್ರಕಾರ 95 ಲಕ್ಷ ರೂಪಾಯಿ ತನಕ ಖರ್ಚು ಮಾಡಬಹುದು. ಕಾಗದದ ಮೇಲೆ ಎಲ್ಲರೂ ಅದರ ಒಳಗೇ ಇರುತ್ತಾರೆ.

ಸಂಸದರಾದ ಮೇಲೆ ಗಟಾರ, ನಳದ ದೂರು ಕೇಳಬೇಕಾ?

ಕೇಳಬೇಕಿಲ್ಲ. ಆದರೆ ಕೇಳದೆ ಬದುಕುವ ಹಾಗೂ ಇಲ್ಲ. ಊರಲ್ಲಿ ಇರುವ ದಿನ ಸಂಸದರ ಮನೆ ಮುಂದೆ ಬೆಳಿಗ್ಗೆ ಏಳಕ್ಕೇ ಜನ. ಒಬ್ಬರ ಕೈಯಲ್ಲಿ ಮದುವೆ ಕಾರ್ಡು, ಮೇಲೆ ಅರಿಸಿನ ಹಚ್ಚಿದ್ದು. ಇನ್ನೊಬ್ಬರಿಗೆ ಆಸ್ಪತ್ರೆ ಖರ್ಚಿಗೆ ಪ್ರಧಾನಿ ಪರಿಹಾರ ನಿಧಿಗೆ ಪತ್ರ ಬೇಕು. ಮತ್ತೊಬ್ಬರ ರೈಲು ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದೆ, ತುರ್ತು ಕೋಟಾಕ್ಕೆ ಚೀಟಿ ಬೇಕು. ಆಪ್ತ ಸಹಾಯಕ ಒಂದು ಕೈಯಲ್ಲಿ ಲೆಟರ್‌ಹೆಡ್ಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓಡಾಡುತ್ತಿರುತ್ತಾರೆ. ನಡುವೆ ಒಬ್ಬ ಅಜ್ಜಿ, ‘ಎಂಟ್ ದಿನ ಆತ್ರಿ ಯಪ್ಪಾ, ನಳಾ ಬಂದಿಲ್ಲ’ ಅಂತ ಶುರು ಮಾಡುತ್ತಾರೆ. ಅದು ಕಾರ್ಪೊರೇಟರ್ ಕೆಲಸ ಅಂತ ಹೇಳಿ ಕಳಿಸಿದರೆ ಒಂದು ಓಣಿಯ ಓಟು ಹೋದ ಹಾಗೆ. ಫೋನು ಹಚ್ಚಲೇಬೇಕು.

ಮೊದಲು ಕೇಂದ್ರೀಯ ವಿದ್ಯಾಲಯದ ಸೀಟಿನ ಕೋಟಾ ಇತ್ತು, ಸಂಸದರಿಗೆ ತಲಾ 10. 2022ರಲ್ಲಿ ಅದನ್ನು ತೆಗೆದರು. ಸಂಸದರಿಗೇ ನೆಮ್ಮದಿ ಆಗಿರಬೇಕು. ಹತ್ತು ಸೀಟಿಗೆ ನೂರಾರು ಜನ ಬಂದರೆ ಉಳಿದವರೆಲ್ಲ ಸಿಟ್ಟಾಗಿಯೇ ಹೋಗುತ್ತಿದ್ದರು.

ಸಂಸದರ ಸ್ವಂತ ಕೈಯಲ್ಲಿ ಇರುವುದು ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಅರವತ್ತು ಲಕ್ಷ ಚಿಲ್ಲರೆ. ಸಮುದಾಯ ಭವನ, ಶಾಲಾ ಕೊಠಡಿಗೆ ಸಾಕು.

ಹಾಗಾದರೆ ಕಾರ್ಪೊರೇಟರ್ ಮಾಡಲಾಗದ ಯಾವ ಕೆಲಸ ಸಂಸದ ಮಾಡುತ್ತಾರೆ?

ರೈಲು, ಹೆದ್ದಾರಿ, ಕೇಂದ್ರದ ಸಂಸ್ಥೆಗಳು. 2003ರಲ್ಲಿ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂತು. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು, ಮೊದಲು ವಾಲ್ಮಿ (ಜಲ ಮತ್ತು ನೆಲ ನಿರ್ವಹಣೆ ಸಂಸ್ಥೆ) ಆವರಣದಲ್ಲಿ. 2023ರ ಮಾರ್ಚ್ 12ರಂದು ಸ್ವಂತ ಕ್ಯಾಂಪಸ್ಸಿನ ಉದ್ಘಾಟನೆ ಆಯಿತು. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನದೂ ಅದೇ ದಿನ. ಇಂಥದ್ದಕ್ಕೆಲ್ಲ ದೆಹಲಿಯಲ್ಲಿ ಬಾಗಿಲು ಬಡಿಯುವವರು ಬೇಕು.

ಬಾಗಿಲು ಬಡಿದರೂ ತೆರೆಯದ್ದು ಮಹದಾಯಿ ನದಿ ನೀರಿನ ವಿಷಯ. ನವಲಗುಂದ, ನರಗುಂದದ ರೈತರು ವರ್ಷಾನುಗಟ್ಟಲೆ ಧರಣಿ ಕೂತರು. 2018ರಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, 2020ರಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು. ಆಮೇಲೂ ಅರಣ್ಯ, ವನ್ಯಜೀವಿ ಅನುಮತಿ ಅಂತ ಆ ನೀರು ತರುವ ಕಳಸಾ-ಬಂಡೂರಿ ಯೋಜನೆ ಎಳೆಯುತ್ತಲೇ ಇದೆ. ಒಂದೇ ಕ್ಷೇತ್ರದಿಂದ ಐದು ಸಲ ಗೆದ್ದ ಕೇಂದ್ರ ಸಚಿವರಿದ್ದರೂ ನೀರು ಬರಲಿಲ್ಲ ಅನ್ನುವ ಪ್ರಶ್ನೆ ಪ್ರತಿ ಚುನಾವಣೆಯಲ್ಲೂ ಬರುತ್ತದೆ. ಬರಬೇಕಾದ ಪ್ರಶ್ನೆಯೇ.

ಹಿಂದಿ, ಇಂಗ್ಲಿಷ್ ಬರದಿದ್ದರೆ ಸಂಸತ್ತಿನಲ್ಲಿ ಕಷ್ಟವಾ?

ಕನ್ನಡದಲ್ಲೇ ಮಾತಾಡಬಹುದು. 1967ರಲ್ಲೇ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ದಾರಿ ತೋರಿಸಿದರು. ಭಾಷಣಕ್ಕೆ ತೊಂದರೆ ಇಲ್ಲ. ಕಷ್ಟ ಇರುವುದು ಸಚಿವಾಲಯಗಳ ಕಾರಿಡಾರಿನಲ್ಲಿ. ಅಲ್ಲಿ ಅನುವಾದಕರು ಇರುವುದಿಲ್ಲ.

ಧಾರವಾಡಕ್ಕೆ ಬೇರೆ ಪಾಲಿಕೆ ಅಂತಾರಲ್ಲ, ಅದರಿಂದ ಈ ದಾರಿ ಬದಲಾಗುತ್ತಾ?

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. 1962ರಲ್ಲಿ ಕೂಡಿಸಿದ ಎರಡು ಊರುಗಳಿಗೆ ಬೇರೆ ಬೇರೆ ಪಾಲಿಕೆ ಅಂದರೆ ಇಬ್ಬರು ಮೇಯರ್, ಎರಡು ಬಜೆಟ್. ಧಾರವಾಡದವರ ಹಳೇ ದೂರು, ಹಣವೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅನ್ನುವುದು, ಸ್ವಲ್ಪ ಕಡಿಮೆ ಆಗಬಹುದು. ಧಾರವಾಡದ ಕಾರ್ಪೊರೇಟರಿಗೆ ಮೇಯರ್ ಆಗುವ ಅವಕಾಶ ಖಂಡಿತ ಜಾಸ್ತಿ. ಲೋಕಸಭಾ ಸೀಟು ಮಾತ್ರ ಎರಡೂ ಊರಿಗೆ ಸೇರಿ ಒಂದೇ ಇರುತ್ತದೆ.